ಹೆತ್ತವರ ಹೆಸರಿರುವ ಕಡತ



ಲಕ್ಕೂರು ಇರುವ ಈ ಮಾಲೂರು ಮಾಸ್ತಿಯವರ ತಾಲ್ಲೂಕು. ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ಮಾತು ಇರಲಿ ಎಂದು ನೀವು ಬಯಸುವುದು ಸಹಜ. ಆದರೂ ಇವತ್ತು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಕೈಗೂಸಾಗಿದ್ದಾಗ ದತ್ತು ಹೋದವರು ಬೆಳೆದು ದೊಡ್ಡವರಾಗಿ, ನನ್ನನ್ನು ಹೆತ್ತವರು ಯಾರು ಎಂದು ಕೇಳಿಕೊಂಡು ಬಂದರೆ ಅವರಿಗೆ ಏನು ಸಿಗುತ್ತದೆ, ಅದನ್ನು ಯಾರು ಕೊಡಬೇಕು, ನಡುವೆ ನಮ್ಮಂಥ ಊರಿನವರು ಹೇಗೆ ನಡೆದುಕೊಳ್ಳಬೇಕು ಎನ್ನುವುದು ಆ ವಿಷಯ.

ದತ್ತು ಸಂಸ್ಥೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ, ಮೇಲಿನ ಪ್ರಾಧಿಕಾರ ದೆಹಲಿಯಲ್ಲಿದೆ. ಆದರೆ ಮಗುವನ್ನು ತಾಯಿಯೇ ಒಪ್ಪಿಸಿದ್ದರೆ ಆ ಕಡತದ ಮೊದಲ ಹಾಳೆಗಳಲ್ಲಿ ಇರುವುದು ಒಬ್ಬ ಹೆಂಗಸಿನ ಹೆಸರು, ಅವಳ ವಯಸ್ಸು, ಊರು, ತಾಲ್ಲೂಕು. ದತ್ತು ಹೋದವರು ಸ್ಟಾಕ್‌ಹೋಮಿನಲ್ಲೇ ಇರಲಿ, ಜಯನಗರದಲ್ಲೇ ಇರಲಿ, ಅವರ ಹುಡುಕಾಟ ಕೊನೆಗೆ ಬಂದು ನಿಲ್ಲುವುದು ಇಂಥ ಒಂದು ಹೋಬಳಿಯಲ್ಲಿ.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ದತ್ತು ಮಸೂದೆಯೊಂದು 1972ರಲ್ಲಿ ಸಂಸತ್ತಿನ ಮುಂದೆ ಬಂದಿತ್ತು, 1980ರಲ್ಲಿ ಮತ್ತೊಂದು ಬಂತು. ಎರಡೂ ಕಾನೂನಾಗಲಿಲ್ಲ. ಹಿಂದೂಗಳಿಗೆ 1956ರ ದತ್ತಕ ಕಾಯ್ದೆ ಇತ್ತು. ವಿದೇಶದಿಂದ ಬಂದ ದಂಪತಿಗಳು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕತ್ವದ ಆದೇಶ ಪಡೆದು, ಮಗುವನ್ನು ತಮ್ಮ ದೇಶಕ್ಕೆ ಕರೆದೊಯ್ದು, ದತ್ತಿನ ವಿಧಿಯನ್ನು ಅಲ್ಲಿ ಪೂರೈಸುತ್ತಿದ್ದರು. ಈ ವ್ಯವಹಾರದಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1984ರ ಫೆಬ್ರವರಿ 6ರಂದು ತೀರ್ಪು ಕೊಟ್ಟರು. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ದತ್ತು ಆಗಬೇಕು, ನ್ಯಾಯಾಲಯ ಆದೇಶ ಕೊಡುವ ಮೊದಲು ಸ್ವತಂತ್ರ ಸಂಸ್ಥೆಯೊಂದು ಕಾಗದಪತ್ರ ಪರಿಶೀಲಿಸಬೇಕು ಎಂಬ ಕಟ್ಟುಪಾಡು ಬಂದದ್ದು ಆಗ. ಕಾರಾ ಎಂದು ಎಲ್ಲರೂ ಕರೆಯುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ 1990ರಲ್ಲಿ ಹುಟ್ಟಿದ್ದೂ ಆ ತೀರ್ಪಿನಿಂದಲೇ.

ಅದೇ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಭಾಗವಿದೆ. ಮಗು ಎಳೆಯದಾಗಿರುವಾಗ ಹೆತ್ತವರ ವಿವರ ಹೇಳಿದರೆ ಅದರ ಮನಸ್ಸು ಕದಡಬಹುದು, ಪ್ರಬುದ್ಧ ವಯಸ್ಸಿಗೆ ಬಂದ ಮೇಲೆ ತಿಳಿಯಬಯಸಿದರೆ ಹೇಳಲು ದೊಡ್ಡ ಆಕ್ಷೇಪವಿಲ್ಲ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಆದರೆ ಹೇಳುವುದು ಬಿಡುವುದನ್ನು ಸಾಕಿದವರ ವಿವೇಚನೆಗೆ ಬಿಟ್ಟಿತು. ಅಷ್ಟಾದರೂ ಹೇಳಿತಲ್ಲ ಎಂಬ ಗೌರವ ನನಗಿದೆ. ಹಾಗಿದ್ದೂ ಮೂವತ್ತು ನಲವತ್ತು ವರ್ಷದ ಮನುಷ್ಯ ತನ್ನ ಹುಟ್ಟಿನ ವಿವರಕ್ಕೆ ಇನ್ನೊಬ್ಬರ ಅಪ್ಪಣೆ ಕಾಯಬೇಕೆನ್ನುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಪುಣೆಯಲ್ಲಿ 1973ರಲ್ಲಿ ಹುಟ್ಟಿ ಜರ್ಮನಿಗೆ ದತ್ತು ಹೋದ ಅರುಣ್ ಡೋಲೆ ತಮ್ಮ ಕಡತಕ್ಕಾಗಿ ಬಾಂಬೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅಲೆದರು. ಅವರು ತಾಯಿಯ ಮುಖ ಕಂಡದ್ದು 2010ರಲ್ಲಿ. ಅಷ್ಟು ವರ್ಷ ಹೋರಾಡುವ ಕಸುವು, ಹಣ, ಹಟ ಎಷ್ಟು ಜನಕ್ಕೆ ಇರುತ್ತದೆ?

ಈಗಿನ ನಿಯಮ ಅದಕ್ಕಿಂತ ಬಹಳ ಮುಂದೆ ಬಂದಿದೆ. 2015ರ ಬಾಲನ್ಯಾಯ ಕಾಯ್ದೆ, ಅದರಡಿ 2017ರಲ್ಲಿ ಬಂದು 2022ರಲ್ಲಿ ಹೊಸದಾದ ದತ್ತು ನಿಯಮಾವಳಿ, ಇವುಗಳಲ್ಲಿ ರೂಟ್ ಸರ್ಚ್ ಎಂಬ ಹೆಸರಿನಲ್ಲೇ ಒಂದು ನಿಯಮವಿದೆ. ಹದಿನೆಂಟು ತುಂಬಿದವರು ಯಾರ ಸಹಿಯೂ ಇಲ್ಲದೆ ತಾವೇ ಕಾರಾಗೆ ಆನ್‌ಲೈನ್ ಅರ್ಜಿ ಹಾಕಬಹುದು. ಹದಿನೆಂಟರ ಒಳಗಿನವರು ಸಾಕಿದ ತಂದೆತಾಯಿಯ ಜೊತೆ ಸೇರಿ ಹಾಕಬೇಕು. ಅರ್ಜಿ ಬಂದರೆ ಕಾರಾ, ರಾಜ್ಯದ ದತ್ತು ಸಂಪನ್ಮೂಲ ಸಂಸ್ಥೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಗುವನ್ನು ಕೊಟ್ಟ ದತ್ತು ಸಂಸ್ಥೆ, ಇವರೆಲ್ಲ ನೆರವಾಗಲೇಬೇಕು. ಮಗುವನ್ನು ಒಪ್ಪಿಸಿದ ದಿನ ತಾಯಿ ತನ್ನ ಹೆಸರು ಹೊರಬರಬಾರದೆಂದು ಕೇಳಿಕೊಂಡಿದ್ದರೆ, ಈಗ ಅವಳನ್ನು ಹುಡುಕಿ ಒಪ್ಪಿಗೆ ಕೇಳಬೇಕು. ಅವಳು ಒಲ್ಲೆ ಎಂದರೆ, ಅಥವಾ ಪತ್ತೆಯಾಗದಿದ್ದರೆ, ಯಾವ ಕಾರಣಕ್ಕೆ, ಎಂಥ ಸಂದರ್ಭದಲ್ಲಿ ಮಗುವನ್ನು ಒಪ್ಪಿಸಲಾಯಿತು ಎಂಬುದನ್ನು ಹುಡುಕಿ ಬಂದವರಿಗೆ ತಿಳಿಸಬೇಕು. ಈ ಕೊನೆಯ ಮಾತನ್ನು ಅಧಿಕಾರಿಗಳು ಎಷ್ಟೋ ಸಲ ಮರೆಯುತ್ತಾರೆ. ಹೆಸರು ಕೊಡಲಾಗದು ಎಂದರೆ ಕಡತವನ್ನೇ ಮುಚ್ಚಿಡಬಹುದು ಎಂದು ಅರ್ಥವಲ್ಲ. ಬರಗಾಲವೋ, ಗಂಡ ಬಿಟ್ಟದ್ದೋ, ಮದುವೆಗೆ ಮುಂಚಿನ ಬಸಿರೋ, ಬಾಣಂತಿಯ ಸಾವೋ, ಏನೇ ಆಗಿರಲಿ, ಆ ಸಂಗತಿ ಅವರಿಗೆ ಸೇರಿದ್ದು. ನನ್ನನ್ನು ಬೇಡವೆಂದು ಎಸೆದರೇನೋ ಎಂದುಕೊಂಡು ಬೆಳೆದವರಿಗೆ ಆ ನಾಲ್ಕು ಸಾಲು ತಾಯಿಯ ಹೆಸರಿನಷ್ಟೇ ಬೆಲೆ ಬಾಳುತ್ತದೆ.

ನಿಯಮ ಇನ್ನೂ ಒಂದನ್ನು ಹೇಳುತ್ತದೆ. ಮೂರನೆಯವರು ಈ ಹುಡುಕಾಟ ಮಾಡುವಂತಿಲ್ಲ. ದತ್ತು ಹೋದವರ ಹಕ್ಕು ಹೆತ್ತವರ ಖಾಸಗಿತನವನ್ನು ಮುರಿಯುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ಕೂಲಿ ಮಾಡುವ ಹೆಂಗಸಿಗೂ ಇದೆ.

ಹಕ್ಕು ಇದ್ದ ಮಾತ್ರಕ್ಕೆ ಕಡತ ಸಿಗುವುದಿಲ್ಲ. ಹುಡುಕುವವರು ಮೊದಲು ತಿಳಿಯಬೇಕಾದದ್ದು ಕಾಗದ ಎಲ್ಲೆಲ್ಲಿ ಬಿದ್ದಿರುತ್ತದೆ ಎಂಬುದು. ಜನನ ಪ್ರಮಾಣಪತ್ರದಿಂದ ಪ್ರಯೋಜನವಿಲ್ಲ, ದತ್ತಿನ ಆದೇಶದ ನಂತರ ಅದು ಸಾಕಿದವರ ಹೆಸರಿನಲ್ಲೇ ಬರುತ್ತದೆ. ಕಡತದ ಮೊದಲ ಪ್ರತಿ ದತ್ತು ಸಂಸ್ಥೆಯ ಬೀರುವಿನಲ್ಲಿರುತ್ತದೆ. ಸಂಸ್ಥೆ ಮುಚ್ಚಿದ್ದರೆ ಬೀರು ಎಲ್ಲಿ ಹೋಯಿತೆಂದು ರಾಜ್ಯದ ಇಲಾಖೆಯನ್ನು ಕೇಳಬೇಕು. ಎರಡನೆಯದು ನ್ಯಾಯಾಲಯದಲ್ಲಿ. ಪೋಷಕತ್ವದ ಅರ್ಜಿಗೆ ಸಂಖ್ಯೆ, ವರ್ಷ ಇರುತ್ತದೆ, ಆದೇಶದ ಪ್ರತಿ ಸಾಕಿದವರ ಮನೆಯಲ್ಲೂ ಸಾಮಾನ್ಯವಾಗಿ ಇರುತ್ತದೆ. ಅದನ್ನು ಹಿಡಿದರೆ ಮೂಲ ಅರ್ಜಿಗೆ ಲಗತ್ತಿಸಿದ ಒಪ್ಪಿಸುವ ಪತ್ರ ಸಿಗುವ ಸಾಧ್ಯತೆ ಇದೆ. ನ್ಯಾಯಾಲಯಗಳಿಗೆ ಹಳೆಯ ಕಡತ ವಿಲೇವಾರಿಯ ನಿಯಮಗಳಿವೆ, ಆದ್ದರಿಂದ ತಡಮಾಡಬಾರದು. ಮೂರನೆಯದು ಪರಿಶೀಲನೆ ಮಾಡಿದ ಸಂಸ್ಥೆಯಲ್ಲಿ. 1984ರ ತೀರ್ಪಿನ ನಂತರ ನಮ್ಮ ರಾಜ್ಯದಲ್ಲಿ ಆ ಕೆಲಸ ಮಾಡಿದ ಸಂಸ್ಥೆಗಳಲ್ಲಿ ಕರ್ನಾಟಕ ರಾಜ್ಯ ಮಕ್ಕಳ ಕಲ್ಯಾಣ ಪರಿಷತ್ತು ಮುಖ್ಯವಾದದ್ದು. ನಾಲ್ಕನೆಯದು ಹೊರದೇಶದ ಸಂಸ್ಥೆಯಲ್ಲಿ, ಅಲ್ಲಿನ ನ್ಯಾಯಾಲಯದಲ್ಲಿ. ಇಲ್ಲಿ ಗೆದ್ದಲು ತಿಂದ ಹಾಳೆ ಅಲ್ಲಿ ನೆಟ್ಟಗೆ ಉಳಿದಿರಬಹುದು. 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಅನುಮೋದನೆ ಕೊಟ್ಟಿದೆ. ಮಗುವಿನ ಮೂಲ, ಹೆತ್ತವರ ಗುರುತು, ಮನೆತನದ ಕಾಯಿಲೆಗಳ ವಿವರ ಇವನ್ನೆಲ್ಲ ಕಾಪಾಡಿ ಇಡಬೇಕೆಂದು ಅದರ 30ನೆಯ ವಿಧಿ ಹೇಳುತ್ತದೆ.

ಎಲ್ಲೋ ಬಿಟ್ಟುಹೋದ ಮಗುವಾದರೆ ತಾಯಿಯ ಹೆಸರೇ ಇರುವುದಿಲ್ಲ. ಆಗಲೂ ಕಡತ ಖಾಲಿ ಎಂದು ಕೈಚೆಲ್ಲಬೇಕಿಲ್ಲ. ಸಿಕ್ಕ ಜಾಗ, ಹೊತ್ತು, ಮೊದಲು ನೋಡಿದವರ ಹೇಳಿಕೆ, ಪೊಲೀಸ್ ಠಾಣೆಯ ನಮೂದು, ಮೈಮೇಲಿದ್ದ ಬಟ್ಟೆ, ಆಸ್ಪತ್ರೆಯಲ್ಲಿ ತೂಗಿದ ತೂಕ ಇವುಗಳಲ್ಲಿ ಏನಾದರೊಂದು ಇರುತ್ತದೆ. ಹೆತ್ತವರು ಮುಂದೆ ಬರಲೆಂದು ಪತ್ರಿಕೆಯಲ್ಲಿ ಫೋಟೊ ಸಮೇತ ಪ್ರಕಟಣೆ ಕೊಡಬೇಕೆಂದು ಈಗ ನಿಯಮವಿದೆ. ಹಳೆಯ ಪತ್ರಿಕೆಗಳ ಸಂಪುಟ ಕೂಡ ಒಂದು ದಾಖಲೆಯೇ.

ಇನ್ನು ಕಾಗದ ಕೈಗೆ ಬಂದ ಮೇಲೆ ಅದನ್ನು ಓದುವುದು. ಇದು ನಮ್ಮ ಜಿಲ್ಲೆಯವರು ಮಾತ್ರ ಸರಿಯಾಗಿ ಮಾಡಬಹುದಾದ ಕೆಲಸ. 1985ರ ಕಾಗದದಲ್ಲಿ ಕೋಲಾರ ಜಿಲ್ಲೆ ಎಂದಿದ್ದರೆ ಅದು ಇವತ್ತಿನ ಕೋಲಾರವಲ್ಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರವೇ. ವಿದೇಶದಿಂದ ಬಂದವರು ಇವತ್ತಿನ ನಕಾಶೆ ಹರಡಿಕೊಂಡು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಿರುಗಿದರೆ ಅರ್ಧ ಜಿಲ್ಲೆಯನ್ನೇ ಬಿಟ್ಟಂತಾಯಿತು. ಊರಿನ ಹೆಸರಿನ ಕಥೆ ಇನ್ನೊಂದು ಬಗೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಗುಮಾಸ್ತರು ಲಕ್ಕೂರನ್ನು ಮೂರು ನಾಲ್ಕು ಬಗೆಯಲ್ಲಿ ಬರೆಯಬಹುದು, ಅದೇ ಹೆಸರಿನ ಊರು ತಮಿಳುನಾಡಿನಲ್ಲೂ ಇದೆ. ಇನ್ನು ವ್ಯಕ್ತಿಗಳ ಹೆಸರು. ತಾಯಿ ಮುನಿಯಮ್ಮ, ಅವಳ ತಂದೆ ಮುನಿವೆಂಕಟಪ್ಪ ಎಂದಿದ್ದರೆ, ಅಂಥವರು ಇಲ್ಲದ ಊರು ನಮ್ಮ ಕಡೆ ಯಾವುದಿದೆ? ಹೆಂಗಸು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ, ಪಡಿತರ ಚೀಟಿಯಲ್ಲಿ ಒಂದು ಹೆಸರು, ಕರೆಯುವುದು ಇನ್ನೊಂದು. ಗಡಿಯ ವಿಷಯವೂ ಇದೆ. ಮಾಲೂರಿನ ಈ ಭಾಗದವರಿಗೆ ಹೊಸೂರು ಹತ್ತಿರ, ಮುಳಬಾಗಿಲು ಶ್ರೀನಿವಾಸಪುರದ ಕಡೆಯವರಿಗೆ ಆಂಧ್ರ ಹತ್ತಿರ. ಊರಿನವರ ಕಣ್ಣು ತಪ್ಪಿಸಿ ಹೆರಬೇಕಾದ ಹುಡುಗಿ ಗಡಿ ದಾಟಿದ್ದರೆ ಹೆರಿಗೆಯ ದಾಖಲೆ ತಮಿಳಿನಲ್ಲೋ ತೆಲುಗಿನಲ್ಲೋ ಇರುತ್ತದೆ, ಮಗುವನ್ನು ಒಪ್ಪಿಸಿದ ಪತ್ರ ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ.

ಕಾಗದವೇ ಸುಳ್ಳು ಹೇಳುವುದೂ ಉಂಟು. ನೆರೆಯ ಆಂಧ್ರದಲ್ಲಿ 1999ರಿಂದ 2001ರ ನಡುವೆ ಲಂಬಾಣಿ ತಾಂಡಾಗಳ ಬಡವರಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಪಡೆದು ದತ್ತು ಕೊಡುತ್ತಿದ್ದುದು ಬಯಲಾಯಿತು. ಚೆನ್ನೈನಲ್ಲಿ ಕದ್ದ ಮಕ್ಕಳು ದತ್ತಿನ ಹೆಸರಿನಲ್ಲಿ ಹೊರದೇಶ ಸೇರಿದ್ದು 2005ರಲ್ಲಿ ಹೊರಬಿತ್ತು. ಇಂಥದ್ದು ಬೇರೆ ದೇಶಗಳ ಮಕ್ಕಳಿಗೂ ಆಗಿದೆ. ತನಿಖಾ ಸಮಿತಿಯ ವರದಿ ನೋಡಿ ನೆದರ್ಲೆಂಡ್ಸ್ 2021ರಲ್ಲಿ ಹೊರದೇಶದ ದತ್ತುಗಳನ್ನೇ ತಡೆಹಿಡಿಯಿತು. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ಸುಳ್ಳು ದಾಖಲೆಗಳನ್ನು ಎತ್ತಿ ತೋರಿಸಿತು. ಹೀಗಾಗಿ ಅನಾಥ ಎಂದು ಬರೆದ ಕಡತದ ಹಿಂದೆಯೂ ತಾಯಿ ಇರಬಹುದು, ಅವಳು ಇಂದಿಗೂ ಮಗುವನ್ನು ಹುಡುಕುತ್ತಿರಬಹುದು. ಹುಡುಕಾಟ ಬರೀ ಮನಸ್ಸಿನ ಸಮಾಧಾನಕ್ಕೆ ಎಂದು ಹೇಳುವವರು ಇದನ್ನು ನೆನಪಿಡಬೇಕು. ಕೆಲವು ಸಲ ಅದು ಅಪರಾಧವೊಂದರ ತನಿಖೆಯೂ ಆಗುತ್ತದೆ.

ಈಗ ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸುವುದು ಸುಲಭವಾಗಿದೆ. ಅಮೆರಿಕ, ಯುರೋಪಿನಲ್ಲಿ ಸಾವಿರಾರು ಜನ ಹೀಗೆ ಬಂಧುಗಳನ್ನು ಕಂಡುಕೊಂಡಿದ್ದಾರೆ. ನಮ್ಮ ಹಳ್ಳಿಗಳವರು ಆ ಕಂಪನಿಗಳ ಪಟ್ಟಿಯಲ್ಲಿ ತೀರಾ ವಿರಳ, ಆದ್ದರಿಂದ ಹೊಂದಿಕೆ ಸಿಗುವುದೇ ಕಷ್ಟ. ಸಿಕ್ಕರೂ ಎಚ್ಚರ ಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ತಲೆಮಾರುಗಳಿಂದ ನಡೆದಿದೆ. ಒಂದೇ ರಕ್ತ ಎರಡು ಮೂರು ದಾರಿಯಿಂದ ಬಂದು ಸೇರಿರುತ್ತದೆ. ದೂರದ ಸಂಬಂಧಿಯೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಹೊರದೇಶದ ಲೆಕ್ಕಾಚಾರವನ್ನು ನಂಬಿ ಇವರೇ ನನ್ನ ಚಿಕ್ಕಪ್ಪ ಎಂದು ಒಬ್ಬರ ಮನೆ ಬಾಗಿಲಿಗೆ ಹೋಗಿ ನಿಂತರೆ ಅನಾಹುತ.

ಇದೇ ಸೋದರ ಸಂಬಂಧದ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. 1956ರ ಕಾಯ್ದೆಯ 12ನೆಯ ಕಲಮಿನ ಪ್ರಕಾರ ದತ್ತು ಹೋದ ಮಗುವಿಗೆ ಹುಟ್ಟಿದ ಮನೆಯ ಸಂಬಂಧ ಕಡಿದುಹೋಗುತ್ತದೆ. ಆದರೆ ಅಲ್ಲೇ ಇದ್ದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ. ಹುಟ್ಟಿದ ಮನೆ ಯಾವುದೆಂದೇ ತಿಳಿಸದೆ ಈ ನಿಷೇಧವನ್ನು ಪಾಲಿಸು ಎಂದರೆ ಪಾಲಿಸುವುದು ಹೇಗೆ? ತಿಳಿಯುವ ಹಕ್ಕು ಹೊರಗಿನವರು ತಂದು ಹೇರಿದ ವಿಚಾರ ಎನ್ನುವವರಿಗೆ ನಾನು ತೋರಿಸುವುದು ನಮ್ಮದೇ ಈ ಕಾಯ್ದೆಯನ್ನು.

ನಮ್ಮ ಹಳ್ಳಿಗಳಲ್ಲಿ ನೆಂಟರಿಷ್ಟರ ನಡುವೆ ನಡೆದ ದತ್ತು ಹೆಚ್ಚು. ಅದಕ್ಕೆ ದತ್ತು ಪತ್ರ ಬರೆಸಿ ನೋಂದಾಯಿಸಿದ್ದರೆ ಹುಡುಕುವುದು ಕಷ್ಟವಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಜಮೀನಿಗೆ ಸೇರದ ಇಂಥ ಪತ್ರಗಳು ನಾಲ್ಕನೆಯ ಪುಸ್ತಕದಲ್ಲಿ ಇರುತ್ತವೆ. ಒಂದನೆಯ ಪುಸ್ತಕದಂತೆ ಅದನ್ನು ಯಾರು ಬೇಕಾದರೂ ನೋಡುವಂತಿಲ್ಲ. ಪತ್ರ ಬರೆದುಕೊಟ್ಟವರು, ಅದರ ಮೇಲೆ ಹಕ್ಕು ಹೇಳುವವರು, ಅವರ ಪ್ರತಿನಿಧಿಗಳು ಮಾತ್ರ ನಕಲು ಪಡೆಯಬಹುದು. ದತ್ತು ಹೋದವರು ಆ ಪತ್ರದ ಮೇಲೇ ಹಕ್ಕು ಹೇಳುವವರಾದ್ದರಿಂದ ಕೇಳಿ ಪಡೆಯಬಹುದು.

ಈಗ ಊರಿನ ಮಾತಿಗೆ ಬರುತ್ತೇನೆ. ನಾಳೆ ಬೆಳಗ್ಗೆ ಲಕ್ಕೂರಿನ ಬಸ್ ನಿಲ್ದಾಣದಲ್ಲಿ ಒಬ್ಬರು ಇಳಿದು, ಹಳೆಯ ಕಾಗದದ ಜೆರಾಕ್ಸ್ ತೋರಿಸಿ, ಈ ಹೆಂಗಸು ಎಲ್ಲಿದ್ದಾರೆ ಎಂದು ಟೀ ಅಂಗಡಿಯಲ್ಲಿ ಕೇಳಿದರು ಎಂದಿಟ್ಟುಕೊಳ್ಳಿ. ನಮ್ಮ ಜನ ಉಪಕಾರಿಗಳು, ತಕ್ಷಣ ನಾಲ್ಕು ಜನ ಸೇರುತ್ತಾರೆ, ಮೊಬೈಲಿನಲ್ಲಿ ಫೋಟೊ ಹೊರಡುತ್ತದೆ, ಮಧ್ಯಾಹ್ನದೊಳಗೆ ಇಡೀ ಹೋಬಳಿಗೆ ಗೊತ್ತಾಗುತ್ತದೆ. ಆ ಹೆಂಗಸಿಗೆ ಈಗ ಅರವತ್ತು ವರ್ಷವಿರಬಹುದು. ಗಂಡನಿಗೆ, ಮಕ್ಕಳಿಗೆ, ಸೊಸೆಗೆ ಈ ಸಂಗತಿ ಗೊತ್ತಿಲ್ಲದೆ ಇರಬಹುದು. ಬಲಾತ್ಕಾರದಿಂದ ಹುಟ್ಟಿದ ಮಗುವಾಗಿದ್ದರೆ, ಅವಳ ಗುರುತು ಹೊರಹಾಕುವುದೇ ಕಾನೂನಿನಲ್ಲಿ ಅಪರಾಧ. ಹುಡುಕಿ ಬಂದವರಿಗೂ ಅದರಿಂದ ಒಳಿತಿಲ್ಲ. ಸಂತೆಯಲ್ಲಿ ಸಿಕ್ಕಿಬಿದ್ದ ತಾಯಿ, ನನಗೆ ಅಂಥ ಮಗುವೇ ಹುಟ್ಟಿರಲಿಲ್ಲ ಎನ್ನದೆ ಇನ್ನೇನು ಹೇಳಿಯಾಳು? ಹಾಗೆ ಒಮ್ಮೆ ಹೇಳಿದ ಮೇಲೆ ಮತ್ತೆ ಮಾತು ಬದಲಿಸುವುದು ಅವಳಿಗೂ ಆಗದು. ಆದ್ದರಿಂದ ಬಂದವರಿಗೆ ಕೂರಲು ಜಾಗ ಕೊಡಿ, ಊಟ ಹಾಕಿ, ಕಾಗದವನ್ನು ಮಾತ್ರ ಕೈಯಿಂದ ಕೈಗೆ ದಾಟಿಸಬೇಡಿ. ಕೋಲಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ. ಅಲ್ಲಿಂದ ತರಬೇತಿ ಇರುವ ಒಬ್ಬ ಹೆಣ್ಣುಮಗಳು, ಬೇರೆ ಯಾವುದೋ ಸರ್ಕಾರಿ ಕೆಲಸದ ನೆಪದಲ್ಲಿ, ತಾಯಿಯನ್ನು ಒಂಟಿಯಾಗಿ ಕಂಡು, ಒಪ್ಪಿಗೆ ಇದೆಯೇ ಎಂದು ಕೇಳಲಿ. ಬೇಡ ಎಂದರೆ ಎದ್ದು ಬರಲಿ.

ನಿಜವನ್ನು ಯಾವಾಗ ಹೇಳುತ್ತೇವೆ ಎನ್ನುವುದೂ ಮುಖ್ಯ. ಕುರುಕ್ಷೇತ್ರ ನಾಟಕ ಆಡದ ಊರು ನಮ್ಮ ಕಡೆ ಇಲ್ಲ. ಕುಂತಿ ಬಂದು ಕರ್ಣನಿಗೆ ನಿಜ ಹೇಳುವ ದೃಶ್ಯಕ್ಕೆ ರಾತ್ರಿ ಎರಡು ಗಂಟೆಯಲ್ಲೂ ಜನ ಎದ್ದು ಕೂರುತ್ತಾರೆ. ಅಲ್ಲಿ ನನ್ನನ್ನು ಕಾಡುವುದು ನಿಜ ಹೊರಬಂದ ಹೊತ್ತು. ಗೊತ್ತಿದ್ದವರು ಅಷ್ಟು ವರ್ಷ ಸುಮ್ಮನಿದ್ದು, ಯುದ್ಧದಲ್ಲಿ ತಮ್ಮವರನ್ನು ಉಳಿಸಿಕೊಳ್ಳಲು ಬೇಕಾದಾಗ ಹೇಳಿದರು. ಅವನಿಗೆ ಬೇಕಾಗಿದ್ದಾಗ ಹೇಳಲಿಲ್ಲ.

ಈ ಪ್ರಶ್ನೆ ಇನ್ನು ನಮ್ಮ ಮನೆಗಳಿಗೇ ಬರುತ್ತದೆ. ಕಾರಾ ಲೆಕ್ಕದ ಪ್ರಕಾರ 2024-25ರಲ್ಲಿ ದೇಶದಲ್ಲಿ ಆದ ದತ್ತುಗಳು 4,515. ಅವುಗಳಲ್ಲಿ 4,155 ದೇಶದೊಳಗೇ ಆದವು. ಅಂದರೆ ಮುಂದೆ ಹುಡುಕಿಕೊಂಡು ಬರುವವರು ಹೆಚ್ಚಾಗಿ ಕನ್ನಡ, ತೆಲುಗು, ತಮಿಳು ಮಾತನಾಡುವ ನಮ್ಮವರೇ. ವಿದೇಶಕ್ಕೆ ಹೋದವರಿಗೆ ಮುಖ, ಬಣ್ಣ ನೋಡಿದೊಡನೆ ತಾವು ದತ್ತು ಎಂದು ತಿಳಿದಿರುತ್ತದೆ. ಇಲ್ಲಿ ಬೆಳೆದವರಿಗೆ ಅದೂ ತಿಳಿದಿರುವುದಿಲ್ಲ. ಮದುವೆಯ ಹೊತ್ತಿಗೋ, ಆಸ್ತಿ ಜಗಳದಲ್ಲೋ, ಸಿಟ್ಟಿನಲ್ಲಿ ದಾಯಾದಿಯೊಬ್ಬನ ಬಾಯಿಂದಲೋ ಗೊತ್ತಾಗುತ್ತದೆ. ಈ ಸಭೆಯಲ್ಲಿ ಮಗುವನ್ನು ದತ್ತು ತೆಗೆದುಕೊಂಡವರು ಇದ್ದರೆ ಅವರಲ್ಲಿ ಕೈಮುಗಿದು ಕೇಳುತ್ತೇನೆ. ಮಗು ಮಾತು ಕಲಿಯುವಾಗಲೇ ಹೇಳಲು ಶುರುಮಾಡಿ, ದತ್ತಿನ ಆದೇಶ, ಸಂಸ್ಥೆಯ ಪತ್ರ, ಮೊದಲ ಫೋಟೊ, ಬಂದ ದಿನ ಹಾಕಿದ್ದ ಬಟ್ಟೆ ಇವನ್ನು ಜೋಪಾನವಾಗಿಡಿ. ಮಗ ಅಥವಾ ಮಗಳು ಹೆತ್ತವಳನ್ನು ಕೇಳಿದರೆ ನಿಮ್ಮನ್ನು ಬಿಟ್ಟುಹೋಗುತ್ತಾರೆಂದು ಅರ್ಥವಲ್ಲ. ಸಕ್ಕರೆ ಕಾಯಿಲೆ ಮನೆತನದಲ್ಲಿ ಇದೆಯೇ ಎಂದು ವೈದ್ಯರು ಕೇಳಿದಾಗ ಉತ್ತರ ಹೇಳಲಾಗದೆ ಕೂರುವವರು ಅವರು.

ಕೊನೆಗೆ ಒಂದು ಬೇಡಿಕೆ ಇದೆ, ಇದನ್ನು ಈ ಸಭೆಯ ಮೂಲಕ ಸರ್ಕಾರದ ಮುಂದೆ ಇಡಲು ಇಷ್ಟಪಡುತ್ತೇನೆ. ಇಂಗ್ಲೆಂಡಿನಲ್ಲಿ ವಯಸ್ಕರಾದ ದತ್ತು ಮಕ್ಕಳಿಗೆ ಹುಟ್ಟಿನ ದಾಖಲೆ ತೆರೆದದ್ದು 1975ರ ಕಾಯ್ದೆ. 1991ರಲ್ಲಿ ಅಲ್ಲಿ ಇನ್ನೊಂದು ಕೆಲಸ ಮಾಡಿದರು. ಒಂದು ಸಂಪರ್ಕ ಪುಸ್ತಕ ತೆರೆದರು. ದತ್ತು ಹೋದವರು ಒಂದು ಭಾಗದಲ್ಲಿ, ಹೆತ್ತವರು, ಒಡಹುಟ್ಟಿದವರು ಇನ್ನೊಂದು ಭಾಗದಲ್ಲಿ ಹೆಸರು ಬರೆಸಬಹುದು. ಎರಡೂ ಕಡೆಯವರು ಬರೆಸಿ ಹೆಸರು ಕೂಡಿ ಬಂದರೆ ಮಾತ್ರ ಸುದ್ದಿ ಹೋಗುತ್ತದೆ. ನಮ್ಮ ನಿಯಮದಲ್ಲಿ ಅರ್ಜಿ ಹಾಕುವ ದಾರಿ ಇರುವುದು ದತ್ತು ಹೋದವರಿಗೆ. ತಾಯಿ ಮಾತ್ರ ಯಾರಾದರೂ ಬಂದು ಕೇಳುವವರೆಗೆ ಕಾಯಬೇಕು. ಮಗುವನ್ನು ಒಪ್ಪಿಸಿದ ಮೇಲೆ ಮನಸ್ಸು ಬದಲಿಸಲು ಅವಳಿಗೆ ಕಾನೂನು ಕೊಡುವುದು ಎರಡು ತಿಂಗಳು. ಮೂವತ್ತು ವರ್ಷದ ನಂತರ ಗಂಡ ತೀರಿಕೊಂಡು, ಹೆದರಿಕೆ ಕಳೆದು, ನನ್ನ ಮಗು ಬಂದರೆ ನೋಡುತ್ತೇನೆ ಎಂದು ಅವಳಿಗೆ ಅನ್ನಿಸಿದರೆ ಅದನ್ನು ಎಲ್ಲಿ ಹೇಳಬೇಕು? ಕರ್ನಾಟಕ ಸರ್ಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಅಂಥದೊಂದು ಗುಟ್ಟಿನ ಪುಸ್ತಕ ಇಡಲಿ. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಲಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಲಿ. ಯಾವ ವರ್ಷ, ಯಾವ ಆಸ್ಪತ್ರೆ, ಗಂಡೋ ಹೆಣ್ಣೋ, ಮೈಮೇಲೆ ಮಚ್ಚೆ ಇತ್ತೇ ಎಂಬಷ್ಟು ಸಾಕು. ವಿಳಾಸ ಬದಲಾದರೆ ತಿಳಿಸಲು, ಮನಸ್ಸು ಬದಲಾದರೆ ಹೆಸರು ತೆಗೆಸಲು ಅವಕಾಶವಿರಲಿ. ಕೋಲಾರದಿಂದಲೇ ಶುರುವಾಗಲಿ ಎಂದು ಕೇಳುವ ಮನವಿಯ ಕರಡು ಸಿದ್ಧವಿದೆ, ಒಪ್ಪುವವರು ಸಭೆ ಮುಗಿದ ಮೇಲೆ ಓದಿ ಸಹಿ ಹಾಕಬಹುದು.